ತೋಳದ ಪಕ್ಷ ವಹಿಸಿದ ಬೇಟೆಗಾರ

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರು ವಿರಳ. ಊರು ಬಿಟ್ಟು ಬಂದು ಈ ದೊಡ್ಡ ಪಟ್ಟಣಗಳಲ್ಲಿ ನೆಲೆಸಿದ ಮೇಲೂ, ನೆರೆಯಲ್ಲೋ ಕಚೇರಿಯಲ್ಲೋ ಯಾರಿಗಾದರೂ ಕೆಟ್ಟ ಕಾಲ ಬಂದಾಗ ಈ ಮಾತು ತಾನಾಗಿ ನಮ್ಮ ಬಾಯಿಗೆ ಬರುತ್ತದೆ. ಕುರಿಮಂದೆಯನ್ನು ಕಾಯ್ದು ಬದುಕಿದ ನಮ್ಮ ಹಿರಿಯರಿಗೆ ತೋಳದ ಮೇಲೆ ಸಿಟ್ಟು ಇದ್ದುದು ಸಹಜವೇ. ಆದರೂ ಅವರು ಈ ಗಾದೆಯನ್ನು ಕಟ್ಟುವಾಗ ಚುಚ್ಚಿದ್ದು ಹಳ್ಳಕ್ಕೆ ಬಿದ್ದ ತೋಳವನ್ನಲ್ಲ, ದಡದ ಮೇಲೆ ನಿಂತು ಕಲ್ಲೆಸೆಯುವ ಗುಂಪನ್ನು. ಆ ಗುಂಪಿನ ಮುಂದಾಳಾಗಿ ಬದುಕನ್ನು ಆರಂಭಿಸಿ, ಕಡೆಗೆ ಅದೇ ಗುಂಪಿನ ಎದುರು ಒಂಟಿಯಾಗಿ ನಿಂತ ಒಬ್ಬ ಮಹನೀಯನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇನೆ. ಅವನ ಹೆಸರು ಆಲ್ಡೋ ಲಿಯೊಪೋಲ್ಡ್.

ಲಿಯೊಪೋಲ್ಡನು 1887ನೆಯ ಇಸವಿ ಜನವರಿ 11ರಂದು ಅಮೆರಿಕದ ಅಯೋವಾ ರಾಜ್ಯದಲ್ಲಿ, ಮಿಸಿಸಿಪಿ ನದಿಯ ದಂಡೆಯ ಮೇಲಿರುವ ಬರ್ಲಿಂಗ್‌ಟನ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ಹಿರಿಯರು ಜರ್ಮನಿಯಿಂದ ಬಂದು ನೆಲೆಸಿದವರು. ಮನೆಯೊಳಗೆ ಜರ್ಮನ್ ಮಾತು, ಹೊಸ್ತಿಲು ದಾಟಿದರೆ ಇಂಗ್ಲಿಷು. ಹೊರನಾಡ ಕನ್ನಡಿಗರಾದ ನಮಗೆ ಇಂತಹ ಮನೆ ಹೊಸದೇನೂ ಅಲ್ಲ. ತಂದೆ ಕಾರ್ಲ್ ಮೇಜುಗಳನ್ನು ತಯಾರಿಸುವ ಕಾರ್ಖಾನೆಯ ಒಡೆಯ. ರಜೆ ಬಂದಿತೆಂದರೆ ಬಂದೂಕು ಹಿಡಿದು ಮಕ್ಕಳನ್ನು ಕರೆದುಕೊಂಡು ನದಿಯ ಜೌಗಿಗೆ ಬಾತುಕೋಳಿಯ ಬೇಟೆಗೆ ಹೊರಡುವವನು. ಆದರೆ ಆತನಿಗೆ ಒಂದು ಕಟ್ಟುಪಾಡು ಇತ್ತು. ಹಕ್ಕಿಗಳು ಗೂಡು ಕಟ್ಟಲು ಹೋಗುವ ವಸಂತಕಾಲದಲ್ಲಿ ಅವುಗಳನ್ನು ಹೊಡೆಯಬಾರದೆಂದು, ಸರ್ಕಾರದ ಕಾನೂನು ಹುಟ್ಟುವುದಕ್ಕೆ ಮೊದಲೇ ಆತ ತನಗೆ ತಾನೇ ವಿಧಿಸಿಕೊಂಡಿದ್ದನು. ಕಾನೂನು ಕೇಳದಿದ್ದರೂ ಕೈ ತಡೆಯುವ ಈ ಗುಣವನ್ನು ಮಗನು ಕಣ್ಣಾರೆ ಕಂಡು ಬೆಳೆದನು. ಮುಂದೆ ಅವನ ವಿಚಾರಗಳಿಗೆಲ್ಲ ತಳಹದಿಯಾದುದು ಇದೇ.

ಯೇಲ್ ವಿಶ್ವವಿದ್ಯಾನಿಲಯದ ಅರಣ್ಯಶಾಲೆಯಲ್ಲಿ ಓದಿ 1909ರಲ್ಲಿ ಪದವಿ ಪಡೆದ ಲಿಯೊಪೋಲ್ಡನು ಅದೇ ವರ್ಷ ಕೇಂದ್ರ ಸರ್ಕಾರದ ಅರಣ್ಯ ಇಲಾಖೆಯನ್ನು ಸೇರಿದನು. ಅವನನ್ನು ಕಳುಹಿಸಿದ್ದು ನೈಋತ್ಯ ಭಾಗದ ಅರಿಜೋನಾಕ್ಕೆ, ಅಪಾಚೆ ಅರಣ್ಯಕ್ಕೆ. ಆಗಿನ್ನೂ ಅರಿಜೋನಾ ರಾಜ್ಯದ ಪದವಿಯನ್ನೇ ಪಡೆದಿರಲಿಲ್ಲ. ಇಪ್ಪತ್ತೆರಡು ವರ್ಷದ ಯುವಕ, ಸವಾರಿಗೆ ಕುದುರೆ, ಕೈಗೆ ಬಂದೂಕು, ಕಣ್ಣು ಹಾಯುವಷ್ಟು ದೂರ ಬೆಟ್ಟಗಾಡು. ಆ ಕಾಲದ ಅರಣ್ಯಾಧಿಕಾರಿಗೆ ತೋಳ ಕಂಡರೆ ಗುಂಡು ಹಾರಿಸುವುದು ಕರ್ತವ್ಯದ ಭಾಗವೇ ಆಗಿತ್ತು. ಸರ್ವೆ ಕೆಲಸದಲ್ಲಿದ್ದಾಗ ಒಂದು ದಿನ ಅವನೂ ಜೊತೆಗಾರರೂ ಎತ್ತರದ ಬಂಡೆಯ ಮೇಲೆ ಕುಳಿತು ಊಟ ಮಾಡುತ್ತಿದ್ದರು. ಕೆಳಗೆ ಹೊಳೆಯನ್ನು ದಾಟಿ ಬಂದ ತಾಯಿತೋಳವನ್ನು ಅದರ ಬೆಳೆದ ಮರಿಗಳು ಬಾಲ ಅಲ್ಲಾಡಿಸುತ್ತ ಎದುರುಗೊಂಡವು. ಮೇಲಿದ್ದವರು ಗುಂಡಿನ ಮಳೆಗರೆದರು. ಲಿಯೊಪೋಲ್ಡನು ಕೆಳಗಿಳಿದು ಹತ್ತಿರ ಹೋದಾಗ ತಾಯಿತೋಳ ಇನ್ನೂ ಉಸಿರಾಡುತ್ತಿತ್ತು. ಅದರ ಕಣ್ಣಿನ ಹೊಳಪು ಆರಿಹೋದುದನ್ನು ಅವನು ನೋಡಿದನು.

ಇಲ್ಲಿಂದಲೇ ಅವನ ಮನಸ್ಸು ತಿರುಗಿತೆಂದು ಹೇಳಿಬಿಟ್ಟರೆ ಕಥೆ ಸುಂದರವಾಗುತ್ತಿತ್ತು. ನಡೆದದ್ದು ಹಾಗಲ್ಲ. ಆ ಕಣ್ಣುಗಳನ್ನು ಕಂಡ ಮೇಲೆಯೂ ಹತ್ತು ಹನ್ನೆರಡು ವರ್ಷಗಳ ಕಾಲ ಅವನು ತೋಳದ ಕಡುವೈರಿಯಾಗಿಯೇ ಉಳಿದನು.

1911ರಲ್ಲಿ ಅವನಿಗೆ ನ್ಯೂ ಮೆಕ್ಸಿಕೋದ ಕಾರ್ಸನ್ ಅರಣ್ಯಕ್ಕೆ ವರ್ಗವಾಯಿತು. 1912ರಲ್ಲಿ ಸಾಂತಾ ಫೆ ನಗರದ ಎಸ್ತೆಲಾ ಬೆರ್ಜೆರ್ ಎಂಬ ಕನ್ಯೆಯ ಕೈಹಿಡಿದನು. ಆಕೆಯ ತಾಯಿಯ ಕಡೆಯವರು ಆ ಸೀಮೆಯಲ್ಲಿ ಹೆಸರುವಾಸಿಯಾದ ಕುರಿಮಂದೆಗಳ ಒಡೆಯರು. ಹೀಗಾಗಿ, ತೋಳದಿಂದ ಕುರಿಗಾರನಿಗೆ ಆಗುವ ನಷ್ಟವನ್ನು ಲಿಯೊಪೋಲ್ಡನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಮರುವರ್ಷ ಕಾಡಿನಲ್ಲಿ ಮಳೆ ಚಳಿಗೆ ಸಿಕ್ಕಿ ಮೂತ್ರಪಿಂಡದ ಬೇನೆಯಿಂದ ಸಾವಿನ ಬಾಗಿಲಿಗೆ ಹೋಗಿ ಬಂದನು; ಒಂದು ವರ್ಷಕ್ಕೂ ಮಿಕ್ಕಿದ ಕಾಲ ಹಾಸಿಗೆಯಲ್ಲಿಯೂ ಬಿಡುವಿನಲ್ಲಿಯೂ ಕಳೆಯಿತು. ಚೇತರಿಸಿಕೊಂಡ ಮೇಲೆ ಊರೂರು ತಿರುಗಿ ಬೇಟೆಗಾರರ ಸಂಘಗಳನ್ನು ಕಟ್ಟಿದನು. ಅವರಿಗಾಗಿ 1915ರಿಂದ ಒಂದು ಸಣ್ಣ ಪತ್ರಿಕೆಯನ್ನೂ ನಡೆಸಿದನು. ಜಿಂಕೆ ಉಳಿಯಬೇಕಾದರೆ ತೋಳವೂ ಪರ್ವತಸಿಂಹವೂ ಅಳಿಯಬೇಕು, ಕಟ್ಟಕಡೆಯದು ಸಾಯುವ ತನಕ ಕೆಲಸ ನಿಲ್ಲಬಾರದು ಎಂಬುದು ಅವನ ಅಂದಿನ ಉಪದೇಶ. ಬೇಟೆಗಾರರನ್ನೂ ದನಕುರಿಗಳ ಒಡೆಯರನ್ನೂ ಒಂದೇ ವೇದಿಕೆಗೆ ತಂದ ಜಾಣತನ ಅವನದು. ಅದೇ ಕಾಲಕ್ಕೆ ಕೇಂದ್ರ ಸರ್ಕಾರವೂ ಹಣ ಮಂಜೂರು ಮಾಡಿ ಸಂಬಳದ ಬೇಟೆಗಾರರನ್ನು ನೇಮಿಸಿತು. ಬೋನು, ವಿಷ, ಗುಂಡು ಎಲ್ಲವೂ ಕೂಡಿ ಕೆಲವೇ ವರ್ಷಗಳಲ್ಲಿ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಇದನ್ನೆಲ್ಲ ಮಾಡಿದವರು ದುಷ್ಟರಲ್ಲ. ಕಾಡನ್ನು ಪ್ರೀತಿಸುವ, ಓದಿದ, ಪ್ರಾಮಾಣಿಕರಾದ ಜನ ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಅವನ ಕಣ್ಣು ತೆರೆದುದು ಯಾವಾಗ? ಒಂದೇ ದಿನದಲ್ಲಿ ಅಲ್ಲ. ನೆಲವು ಅವನಿಗೆ ಒಂದೊಂದಾಗಿ ಪಾಠ ಹೇಳಿತು.

ಮೊದಲ ಪಾಠ ಅವನೇ ಉಳಿಸಿದ ಕಾಡಿನಿಂದ ಬಂದಿತು. ರಸ್ತೆಯಿಲ್ಲದ, ಕಟ್ಟಡವಿಲ್ಲದ ಕಾಡು ಒಂದಾದರೂ ದೇಶದಲ್ಲಿ ಉಳಿಯಬೇಕೆಂದು ಅವನು ಪಟ್ಟು ಹಿಡಿದ ಕಾರಣ, 1924ರಲ್ಲಿ ನ್ಯೂ ಮೆಕ್ಸಿಕೋದ ಹೀಲಾ ಕಾಡಿನ ಸುಮಾರು 7.5 ಲಕ್ಷ ಎಕರೆಯನ್ನು ಸರ್ಕಾರ ಹಾಗೆಯೇ ಬಿಡಲು ಒಪ್ಪಿತು. ಆ ದೇಶದಲ್ಲಿ ಅಂತಹದು ಅದೇ ಮೊದಲು. ಆದರೆ ತೋಳವೂ ಪರ್ವತಸಿಂಹವೂ ಹೋದ ಮೇಲೆ ಅಲ್ಲಿ ಜಿಂಕೆಗಳು ಮೇವು ಸಾಲದಷ್ಟು ಹೆಚ್ಚಿದವು. ಅವುಗಳನ್ನು ಹೊಡೆಯಲು ಬೇಟೆಗಾರರು ಒಳಗೆ ಹೋಗಬೇಕಾಯಿತು. ಅವರು ಹೋಗುವುದಕ್ಕಾಗಿ ಕಾಡನ್ನು ಸೀಳಿ ಒಂದು ರಸ್ತೆಯನ್ನು ತೆಗೆಯಬೇಕಾಯಿತು! ಕೂಲಿಯಿಲ್ಲದೆ ಕೆಲಸ ಮಾಡುತ್ತಿದ್ದ ಕಾವಲುಗಾರನನ್ನು ಕೊಂದು, ಆ ಕೆಲಸಕ್ಕೆ ಸಂಬಳ ಕೊಟ್ಟು ಆಳನ್ನಿಟ್ಟಂತಾಯಿತು.

ಎರಡನೆಯ ಪಾಠ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ಉತ್ತರಕ್ಕಿರುವ ಕೈಬಾಬ್ ಪ್ರಸ್ಥಭೂಮಿಯದು. ಅಲ್ಲಿ 1906ರಿಂದ ಜಿಂಕೆಗೆ ಸಂಪೂರ್ಣ ರಕ್ಷಣೆ, ಹಿಂಸ್ರಪ್ರಾಣಿಗೆ ಸಂಪೂರ್ಣ ಸಂಹಾರ. ಇಪ್ಪತ್ತು ವರ್ಷ ತುಂಬುವುದರೊಳಗೆ ಜಿಂಕೆಗಳು ಗಿಡಗಳನ್ನು ಬೋಳು ಮಾಡಿ, ಚಳಿಗಾಲದಲ್ಲಿ ಹಸಿವಿನಿಂದ ರಾಶಿ ರಾಶಿಯಾಗಿ ಸತ್ತವು. ಇದಕ್ಕೆ ಹಿಂಸ್ರಪ್ರಾಣಿಗಳ ನಾಶವೊಂದೇ ಕಾರಣವಲ್ಲ, ಕುರಿದನಗಳ ಮೇವು ತಗ್ಗಿದುದೂ ಕಾರಣವಿದ್ದೀತು, ಅಂದು ಹೇಳಿದ ಸಂಖ್ಯೆಗಳೂ ನಂಬಲರ್ಹವಲ್ಲ ಎಂದು ನಂತರದ ವಿಜ್ಞಾನಿಗಳು ತಿದ್ದಿದ್ದಾರೆ. ಆ ತಿದ್ದುಪಡಿ ನ್ಯಾಯವಾದುದೇ. ಆದರೂ ಲಿಯೊಪೋಲ್ಡನ ಮನಸ್ಸನ್ನು ಕಲಕಿದ ನಿದರ್ಶನಗಳಲ್ಲಿ ಇದೊಂದು.

ಈ ನಡುವೆ ಅವನು 1924ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ಬಂದಿದ್ದನು. 1928ರಲ್ಲಿ ಸರ್ಕಾರಿ ನೌಕರಿಯನ್ನು ಬಿಟ್ಟು ಬೇಟೆಯ ಪ್ರಾಣಿಗಳ ಸಮೀಕ್ಷೆಗೆ ತೊಡಗಿದನು. 1933ರಲ್ಲಿ ಆ ಶಾಸ್ತ್ರದ ಮೇಲೆ ಅವನು ಬರೆದ ದೊಡ್ಡ ಗ್ರಂಥ ಹೊರಬಂದಿತು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು ಅವನಿಗಾಗಿ ಹೊಸದೊಂದು ಪ್ರಾಧ್ಯಾಪಕ ಪದವಿಯನ್ನೇ ತೆರೆಯಿತು. 1935ರಲ್ಲಿ ಜರ್ಮನಿಗೆ ಹೋಗಿ ಅಲ್ಲಿನ ಕಾಡುಗಳನ್ನು ನೋಡಿದನು. ಸಾಲು ಹಿಡಿದು ನೆಟ್ಟ ಮರಗಳು, ಮನೆಯ ದನಗಳಂತೆ ಮೇವು ಹಾಕಿಸಿಕೊಳ್ಳುವ ಜಿಂಕೆಗಳು, ಅಡಿಯಲ್ಲಿ ಒಂದು ಸೊಪ್ಪಿನ ಗಿಡವೂ ಇಲ್ಲ. ತನ್ನ ಹಿರಿಯರ ನಾಡಿನಲ್ಲಿ ಅವನು ಕಂಡದ್ದು ಅಚ್ಚುಕಟ್ಟಾದ, ಆದರೆ ಜೀವಕಳೆ ಇಲ್ಲದ ಕಾಡು. ಮರುವರ್ಷ ಮೆಕ್ಸಿಕೋ ದೇಶದ ಗಾವಿಲಾನ್ ನದಿಯ ಕಣಿವೆಗೆ ಬಿಲ್ಲುಬಾಣಗಳ ಬೇಟೆಗೆಂದು ಹೋದನು. ಅಲ್ಲಿ ತೋಳವಿತ್ತು, ಪರ್ವತಸಿಂಹವಿತ್ತು, ಜಿಂಕೆಯೂ ಬೇಕಾದಷ್ಟಿತ್ತು. ಹುಲ್ಲು ಉಳಿದಿತ್ತು, ಮಣ್ಣು ಕೊಚ್ಚಿಹೋಗಿರಲಿಲ್ಲ, ಹೊಳೆಯ ನೀರು ತಿಳಿಯಾಗಿತ್ತು. ಆರೋಗ್ಯವಂತ ನೆಲವೆಂದರೆ ಹೇಗಿರುತ್ತದೆಂಬುದನ್ನು ತಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲವೆಂದು ಅವನಿಗೆ ಆಗ ಹೊಳೆಯಿತು.

1935ರಲ್ಲಿಯೇ ಅವನು ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ ಉತ್ತು ಉತ್ತು ಸತ್ವ ಕಳೆದುಕೊಂಡ ಒಂದು ಮರಳು ಹೊಲವನ್ನು ಕೊಂಡನು. ಅಲ್ಲಿ ನಿಂತಿದ್ದ ಕಟ್ಟಡವೆಂದರೆ ಒಂದು ಕೋಳಿಗೂಡು ಮಾತ್ರ. ಅದನ್ನೇ ತೊಳೆದು ಬಳಿದು ಮನೆ ಮಾಡಿಕೊಂಡು, ವಾರದ ಕೊನೆಗೆ ಹೆಂಡತಿಯನ್ನೂ ಐವರು ಮಕ್ಕಳನ್ನೂ ಕರೆದುಕೊಂಡು ಹೋಗಿ ಸಾವಿರಾರು ಪೈನ್ ಸಸಿಗಳನ್ನು ನೆಟ್ಟನು. ಮೊದಲ ವರ್ಷಗಳ ಸಸಿಗಳು ಬರಗಾಲಕ್ಕೆ ಒಣಗಿದವು, ಮತ್ತೆ ನೆಟ್ಟರು. ಆ ಐವರಲ್ಲಿ ಮೂವರು ಮುಂದೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾದರೆಂಬುದನ್ನು ಮಕ್ಕಳೊಂದಿಗರಾದ ಓದುಗರು ಗಮನಿಸಬಹುದು.

ಇನ್ನು ಅವನ ಬಾಳಿನ ಅತಿ ಕಠಿಣವಾದ ಪರೀಕ್ಷೆಯ ಮಾತು. ವಿಸ್ಕಾನ್ಸಿನ್ನಿನ ಉತ್ತರದ ಕಾಡುಗಳಲ್ಲಿಯೂ ಜಿಂಕೆಗಳು ಅತಿಯಾಗಿ, ಚಳಿಗಾಲದಲ್ಲಿ ಹಸಿವಿನಿಂದ ಸಾಯತೊಡಗಿದ್ದವು. ಹೆಣ್ಣುಜಿಂಕೆಯನ್ನೂ ಹೊಡೆಯಲು ಅನುಮತಿ ಕೊಡಬೇಕು, ಉಳಿದ ಕೆಲವೇ ತೋಳಗಳನ್ನು ಬದುಕಲು ಬಿಡಬೇಕು ಎಂಬುದು ಲಿಯೊಪೋಲ್ಡನ ವಾದ. 1943ರಲ್ಲಿ ಅವನು ರಾಜ್ಯದ ಸಂರಕ್ಷಣಾ ಮಂಡಲಿಯ ಸದಸ್ಯನಾದನು. ಆ ವರ್ಷದ ಬೇಟೆಯಲ್ಲಿ 1 ಲಕ್ಷ 28 ಸಾವಿರಕ್ಕೂ ಹೆಚ್ಚು ಜಿಂಕೆಗಳು ಸತ್ತವು. ರಾಜ್ಯದಲ್ಲೆಲ್ಲ ಹುಯಿಲೆದ್ದಿತು. ಅವನನ್ನೂ ಅವನ ನೀತಿಯನ್ನೂ ಹಳಿಯುವುದಕ್ಕಾಗಿಯೇ ಒಂದು ಪತ್ರಿಕೆ ಹುಟ್ಟಿತು. ಮುಗ್ಧ ಜಿಂಕೆಯನ್ನು ಕೊಲ್ಲಿಸಿ ದುಷ್ಟ ತೋಳವನ್ನು ಸಾಕುವ ಪ್ರೊಫೆಸರನೆಂದು ಜನ ಜರೆದರು. ಮಂಡಲಿಯು ಹಿಂದೆ ಸರಿಯಿತು. ನೆಲದ ಮಾತನ್ನು ಅರಿತವನು ಸಭೆಯಲ್ಲಿ ಸೋಲಬಹುದೆಂಬುದನ್ನು ಅವನು ಆಗ ಕಲಿತನು. ತೋಳದ ತಲೆಗೆ ಇನಾಮು ಕೊಡುವ ವಿಸ್ಕಾನ್ಸಿನ್ನಿನ ಪದ್ಧತಿ ನಿಂತದ್ದು 1957ರಲ್ಲಿ, ಅವನು ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ. ಅಷ್ಟು ಹೊತ್ತಿಗೆ ಇನಾಮು ಕೊಡಲು ತೋಳಗಳೇ ಉಳಿದಿರಲಿಲ್ಲವೆನ್ನಬಹುದು.

ಇದೇ ಗದ್ದಲದ ದಿನಗಳಲ್ಲಿ ಅವನು ಪ್ರಬಂಧಗಳನ್ನು ಬರೆದು ಒಂದು ಪುಸ್ತಕವಾಗಿ ಕೂಡಿಸುತ್ತಿದ್ದನು. ಅವನ ಶಿಷ್ಯನೂ ಚಿತ್ರಕಾರನೂ ಆದ ಆಲ್ಬರ್ಟ್ ಹಾಕ್‌ಬಾಮ್ ಹಸ್ತಪ್ರತಿಯನ್ನು ಓದಿ, ಗುರುವೆಂದು ಮುಚ್ಚಿಡದೆ ಒಂದು ಮಾತು ಬರೆದನು. ತೋಳಗಳು ಅಳಿದುವೆಂದು ಮರುಗುವ ನೀವು, ಆ ಕೆಲಸದಲ್ಲಿ ನಿಮ್ಮ ಕೈಯೂ ಇತ್ತೆಂಬುದನ್ನು ಎಲ್ಲಿಯೂ ಹೇಳಿಲ್ಲವಲ್ಲ ಎಂಬುದು ಅದರ ತಾತ್ಪರ್ಯ. ಗುರು ಸಿಟ್ಟಾಗಲಿಲ್ಲ. 1944ರ ಏಪ್ರಿಲಿನಲ್ಲಿ ಕುಳಿತು, ಮೂವತ್ತೈದು ವರ್ಷಗಳ ಹಿಂದೆ ಅರಿಜೋನಾದ ಹೊಳೆಯ ದಡದಲ್ಲಿ ಕಂಡ ಆ ಕಣ್ಣುಗಳ ಕಥೆಯನ್ನು ಬರೆದನು. ಜಿಂಕೆ ತೋಳಕ್ಕೆ ಹೆದರುವಂತೆಯೇ ಬೆಟ್ಟವು ಜಿಂಕೆಗೆ ಹೆದರುತ್ತದೆ ಎಂಬ ಅವನ ಪ್ರಸಿದ್ಧ ವಿಚಾರ ಆ ಪುಟಗಳಲ್ಲಿಯೇ ಇದೆ. ಶಿಷ್ಯನ ನಿಷ್ಠುರತೆಯೂ ಗುರುವಿನ ವಿನಯವೂ ಕೂಡಿ ಆ ಬರಹ ಹುಟ್ಟಿತು.

1945ರಲ್ಲಿ ತೋಳಗಳ ಮೇಲಿನ ಒಂದು ಗ್ರಂಥವನ್ನು ವಿಮರ್ಶಿಸುತ್ತ ಅವನು ಸರ್ಕಾರವನ್ನು ನೇರವಾಗಿ ಕೇಳಿದನು: ದನಕರುಗಳ ಸೀಮೆಯಿಂದ ತೋಳವನ್ನು ತೆಗೆಯುವುದು ಅಗತ್ಯವೇ ಇದ್ದಿರಬಹುದು, ಆದರೆ ಹಿಡಿದವುಗಳಲ್ಲಿ ಕೆಲವನ್ನು ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಏಕೆ ಬಿಡಬಾರದಿತ್ತು? ಕುರಿಗಾರನ ಕಷ್ಟವನ್ನು ಒಪ್ಪಿಕೊಂಡೇ ಕೇಳಿದ ಈ ಪ್ರಶ್ನೆಗೆ ಅಂದು ಯಾರೂ ಉತ್ತರ ಕೊಡಲಿಲ್ಲ.

ಪುಸ್ತಕವನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಕಡೆಗೆ 1948ರ ಏಪ್ರಿಲ್ 14ರಂದು ಆಕ್ಸ್‌ಫರ್ಡ್ ಮುದ್ರಣಾಲಯದವರಿಂದ ಒಪ್ಪಿಗೆ ಬಂದಿತು. ಒಂದು ವಾರ ಕಳೆದು, ಏಪ್ರಿಲ್ 21ರಂದು, ನೆರೆಯವನ ಹೊಲದ ಹುಲ್ಲಿಗೆ ಬೆಂಕಿ ಬಿದ್ದಿತು. ಆರಿಸಲು ಓಡಿದ ಲಿಯೊಪೋಲ್ಡನು ಹೃದಯಾಘಾತದಿಂದ ಅಲ್ಲಿಯೇ ಕುಸಿದು ಪ್ರಾಣಬಿಟ್ಟನು. ಅವನಿಗೆ ಆಗ 61 ವರ್ಷ. ಮರುವರ್ಷ ಹೊರಬಂದ ಆ ಪುಸ್ತಕದ ಪ್ರತಿಗಳು ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿವೆ. ಮನುಷ್ಯನು ನೆಲದ ಒಡೆಯನಲ್ಲ. ಮಣ್ಣು, ನೀರು, ಗಿಡ, ಪ್ರಾಣಿಗಳೆಲ್ಲ ಕೂಡಿದ ಒಂದು ಸಮಾಜದಲ್ಲಿ ಅವನೂ ಒಬ್ಬ ಸದಸ್ಯ ಎಂಬುದು ಅದರ ಸಾರ.

ಅವನ ದೇಹ ಅಳಿದರೂ ಅವನೆತ್ತಿದ ವ್ಯಾಜ್ಯ ಅಳಿಯಲಿಲ್ಲ. 1973ರಲ್ಲಿ ಅಮೆರಿಕವು ಅಳಿವಿನಂಚಿನ ಜೀವಿಗಳ ಕಾಯಿದೆಯನ್ನು ಮಾಡಿತು. 1974ರಲ್ಲಿ ತೋಳ ಅದರ ಪಟ್ಟಿಗೆ ಸೇರಿತು. ಮಿನ್ನೆಸೋಟಾದ ಕಾಡುಗಳಲ್ಲಿ ಉಳಿದಿದ್ದವು ಯಾರೂ ಕರೆಯದೆಯೇ ಗಡಿ ದಾಟಿ ವಿಸ್ಕಾನ್ಸಿನ್ನಿಗೆ ಮರಳಿದವು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಯೆಲ್ಲೊಸ್ಟೋನಿನಲ್ಲಿ ಬಿಟ್ಟರು. ಲಿಯೊಪೋಲ್ಡನ ಪ್ರಶ್ನೆಗೆ ಉತ್ತರ ಬರಲು ಸರಿಯಾಗಿ ಐವತ್ತು ವರ್ಷ ಹಿಡಿಯಿತು.

ಆದರೆ ರೋಗ ವಾಸಿಯಾದವನನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡುವಂತೆ, ಸಂಖ್ಯೆ ಸುಧಾರಿಸಿದ ಪ್ರಾಣಿಯನ್ನು ಪಟ್ಟಿಯಿಂದ ತೆಗೆಯಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಪಟ್ಟಿಯಿಂದ ತೆಗೆದರೆ ತೋಳದ ಆಡಳಿತ ಕೇಂದ್ರದ ಕೈಬಿಟ್ಟು ರಾಜ್ಯಗಳ ಕೈಗೆ ಹೋಗುತ್ತದೆ. ಜಗಳವೆಲ್ಲ ಇಲ್ಲಿಯೇ. ಕರು ಕಳೆದುಕೊಂಡ ರೈತನು, ಗೊತ್ತುಮಾಡಿದ ಸಂಖ್ಯೆ ಎಂದೋ ದಾಟಿತಲ್ಲ, ಇನ್ನೆಷ್ಟು ದಿನ ಎಂದು ಕೇಳುತ್ತಾನೆ. ಕೊಟ್ಟ ಮಾತಿಗೆ ಸರ್ಕಾರ ನಿಲ್ಲಬೇಕೆಂಬ ಅವನ ವಾದದಲ್ಲಿ ನ್ಯಾಯವಿದೆ. ತೋಳವು ಹಿಂದೆ ತಿರುಗಾಡಿದ ನೆಲದ ಸಣ್ಣ ಪಾಲಿಗೆ ಮಾತ್ರ ಮರಳಿದೆ, ರಕ್ಷಣೆ ತೆಗೆದರೆ ಹಳೆಯ ಸಂಹಾರವೇ ಮರಳುತ್ತದೆ ಎಂದು ಎದುರುಪಕ್ಷದವರು ಹೇಳುತ್ತಾರೆ. 2011ರಲ್ಲಿ ಆ ದೇಶದ ಸಂಸತ್ತು ಆಯವ್ಯಯದ ಮಸೂದೆಯೊಂದರಲ್ಲಿ ನಾಲ್ಕು ಸಾಲು ಸೇರಿಸಿ, ಮೊಂಟಾನಾ ಮತ್ತು ಐಡಾಹೋ ಕಡೆಯ ತೋಳಗಳನ್ನು ಪಟ್ಟಿಯಿಂದ ತೆಗೆದುಹಾಕಿತು. ವಿಜ್ಞಾನಿಗಳ ಶಿಫಾರಸಿನ ಹಾದಿಯನ್ನು ಬಿಟ್ಟು ಸಂಸತ್ತೇ ಒಂದು ಪ್ರಾಣಿಯನ್ನು ಹೀಗೆ ತೆಗೆದುದು ಅದೇ ಮೊದಲು. ವಿಸ್ಕಾನ್ಸಿನ್ ಮೊದಲಾದ ಸರೋವರ ಸೀಮೆಯ ತೋಳಗಳನ್ನು 2012ರಲ್ಲಿ ಪಟ್ಟಿಯಿಂದ ತೆಗೆದರು. 2014ರಲ್ಲಿ ನ್ಯಾಯಾಲಯ ಮತ್ತೆ ಸೇರಿಸಿತು. 2021ರ ಜನವರಿಯಲ್ಲಿ ಪುನಃ ತೆಗೆದರು. 2022ರ ಫೆಬ್ರವರಿಯಲ್ಲಿ ನ್ಯಾಯಾಲಯ ಪುನಃ ಸೇರಿಸಿತು.

ಆ ಎರಡು ತೀರ್ಮಾನಗಳ ನಡುವೆ ನಡೆದುದನ್ನು ಹೇಳಲೇಬೇಕು. 2021ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ತೋಳದ ಬೇಟೆಗೆ ಅನುಮತಿ ಕೊಟ್ಟಿತು. ಒಟ್ಟು 200 ತೋಳಗಳ ಮಿತಿಯಲ್ಲಿ 81 ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಪಾಲು, ಉಳಿದ 119 ಲೈಸೆನ್ಸುದಾರರ ಪಾಲು. ತೋಳವನ್ನು ಒಡಹುಟ್ಟಿದವನೆಂದು ಭಾವಿಸುವ ಒಜಿಬ್ವೆಗಳು ತಮ್ಮ ಪಾಲಿನ ಒಂದನ್ನೂ ಕೊಲ್ಲಬಾರದೆಂದು ಬಿಟ್ಟರು. ಲೈಸೆನ್ಸುದಾರರು ಬೇಟೆನಾಯಿಗಳನ್ನು ಬಿಟ್ಟು ಅಟ್ಟಿಸಿಕೊಂಡು ಹೋಗಿ, ಮೂರು ದಿನ ತುಂಬುವುದರೊಳಗೆ 218 ತೋಳಗಳನ್ನು ಕೊಂದರು. ಮಿತಿಗಿಂತ 99 ಹೆಚ್ಚು. ಲಿಯೊಪೋಲ್ಡನು ಪೈನ್ ಸಸಿಗಳನ್ನು ನೆಟ್ಟ ರಾಜ್ಯದಲ್ಲಿಯೇ ಇದು ನಡೆಯಿತು.

ಲಿಯೊಪೋಲ್ಡನು ಕಡೆಯವರೆಗೂ ಬೇಟೆಗಾರನಾಗಿಯೇ ಇದ್ದವನು. ತೋಳವನ್ನು ಎಂದೆಂದಿಗೂ ಯಾರೂ ಮುಟ್ಟಬಾರದೆಂಬುದು ಅವನ ಬಾಳಿನಿಂದ ಹೊರಡುವ ತೀರ್ಮಾನವಲ್ಲ. ಅವನ ಬಾಳು ಒಡ್ಡುವ ಪ್ರಶ್ನೆ ಇನ್ನೂ ಕಠಿಣವಾದುದು: ಕಾನೂನಿನ ಕೈ ಹಿಂದೆ ಸರಿದ ಮರುದಿನ ಮನುಷ್ಯನ ಕೈ ತಾನಾಗಿ ತಡೆದು ನಿಲ್ಲುತ್ತದೆಯೇ? ಒಂದು ಪ್ರಾಣಿ ಚೇತರಿಸಿಕೊಂಡಿತೇ ಎಂಬುದನ್ನು ತಲೆ ಎಣಿಸಿ ತಿಳಿಯಬಹುದು. ಅದರ ನೆರೆಹೊರೆಯ ಜನ ಚೇತರಿಸಿಕೊಂಡರೇ ಎಂಬುದನ್ನು ತಿಳಿಯಲು ಎಣಿಕೆ ಸಾಲದು. ವಸಂತದಲ್ಲಿ ಬಂದೂಕನ್ನು ಕೆಳಗಿಟ್ಟ ತಂದೆಯ ಸಂಯಮ ಊರಿಗೆಲ್ಲ ಬರುವ ತನಕ, ಪಟ್ಟಿಗೆ ಸೇರಿಸುವುದೂ ತೆಗೆಯುವುದೂ ಬಾವಿಯ ರಾಟೆಯಂತೆ ಸುತ್ತುತ್ತಲೇ ಇರುತ್ತದೆ. ಕುರಿಗಾರನ ನಷ್ಟವನ್ನು ಊರೆಲ್ಲ ಹಂಚಿಕೊಳ್ಳುವುದೂ ಆ ಸಂಯಮದ ಒಂದು ಭಾಗವೇ. ತೋಳ ಎಲ್ಲರದಾದರೆ ಸತ್ತ ಕುರಿಯ ಲೆಕ್ಕವೂ ಎಲ್ಲರದಾಗಬೇಕಲ್ಲವೇ?

ಈ ಮಾತು ನಮಗೂ ದೂರದ್ದಲ್ಲ. 1972ರ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ನಮ್ಮ ತೋಳವೂ ಇದೆ. 1974ರಲ್ಲಿ ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡನ್ನು ವನ್ಯಧಾಮವಾಗಿ ಮಾಡಿದುದು ಮುಖ್ಯವಾಗಿ ತೋಳಕ್ಕಾಗಿ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿಯೂ ತೋಳಧಾಮವಾಗಿದೆ. ಆದರೆ ನಮ್ಮ ತೋಳ ಹೆಚ್ಚಾಗಿ ಬದುಕುವುದು ಧಾಮಗಳ ಹೊರಗೆ, ಬಯಲುಸೀಮೆಯ ಹುಲ್ಲುಗಾವಲಿನಲ್ಲಿ, ಕುರಿಹಟ್ಟಿಯ ಆಸುಪಾಸಿನಲ್ಲಿ. ಅಲ್ಲಿ ಅದನ್ನು ಕಾಯುವುದು ಕಾಯಿದೆಯ ಪುಸ್ತಕಕ್ಕಿಂತ ಹೆಚ್ಚಾಗಿ ಕುರಿಗಾಹಿಯ ಸೈರಣೆ. ರಾಜ್ಯೋತ್ಸವದ ಈ ದಿನ ನಾವು ನಾಡು ಎಂದಾಗ ಭಾಷೆಯನ್ನೂ ಗಡಿಯನ್ನೂ ನೆನೆಯುತ್ತೇವೆ. ಆ ನಾಡಿನಲ್ಲಿ ಈ ಕುರಿಗಾಹಿಯೂ ಅವನ ಎದುರಾಳಿ ತೋಳವೂ ಸೇರಿದ್ದಾರೆ.

ಕಡೆಯದಾಗಿ ಒಂದು ಸಂಗತಿ. ಮೆಕ್ಸಿಕೋ ತೋಳವೆಂಬ ಸಣ್ಣ ಜಾತಿಯು ಅಮೆರಿಕದ ಕಾಡುಗಳಿಂದ ಪೂರ್ತಿಯಾಗಿ ಅಳಿದಿತ್ತು. ಬೋನಿನಲ್ಲಿ ಸಾಕಿ ಬೆಳೆಸಿದ ಅವುಗಳಲ್ಲಿ 11 ತೋಳಗಳನ್ನು 1998ರಲ್ಲಿ ಮತ್ತೆ ಕಾಡಿಗೆ ಬಿಟ್ಟರು. ಬಿಟ್ಟುದು ಅರಿಜೋನಾದಲ್ಲಿ, ಇಪ್ಪತ್ತೆರಡರ ಯುವಕನಾಗಿ ಲಿಯೊಪೋಲ್ಡನು ಗುಂಡು ಹಾರಿಸಿದ ಅದೇ ಅಪಾಚೆ ಅರಣ್ಯದ ಸೀಮೆಯಲ್ಲಿ.